ಹಡಗು ಹತ್ತಿದ ರೋಡ್‌ಕಿಂಗ್

ಮೈಸೂರಿನ ಯಾದವಗಿರಿಯ ಹಳೆಯ ಮನೆಯೊಂದರ ಹಿತ್ತಿಲು. ಹಲಸಿನ ಮರದ ನೆರಳಲ್ಲಿ ಗೋಣಿತಾಟು ಹಾಸಿಕೊಂಡು ಕೂತ ನನ್ನ ಗೆಳೆಯ ಹಲ್ಲುಜ್ಜುವ ಹಳೆಯ ಬ್ರಷ್‌ನಿಂದ ಮೋಟರ್‌ಸೈಕಲ್ಲಿನ ಮಡ್‌ಗಾರ್ಡ್ ಒಳಗಿನ ಮಣ್ಣು ಕೆರೆಯುತ್ತಿದ್ದ. ಎಷ್ಟೋ ಮಳೆಗಾಲಗಳ ಕೆಸರು ಅಲ್ಲಿ ಪದರ ಪದರವಾಗಿ ಗಟ್ಟಿಯಾಗಿತ್ತು. ಒಂದು ಹೆಂಟೆ ಉದುರಿದಾಗ ಅದರೊಳಗೆ ಒಣಗಿದ ಹುಲ್ಲಿನ ಬೀಜಗಳು ಕಂಡವು. ಅವನು ಅವನ್ನು ಒಂದೊಂದಾಗಿ ಆರಿಸಿ ಕಾಗದದ ಮೇಲಿಟ್ಟ. ‘ಇದರಲ್ಲಿ ಒಂದು ಬೀಜ ಸಿಕ್ಕರೂ ಅಲ್ಲಿ ಬಂದರಿನಲ್ಲೇ ನಿಲ್ಲಿಸ್ತಾರೆ. ಮತ್ತೆ ತೊಳೆಯೋ ಖರ್ಚು ನನ್ನ ತಲೆಗೇ’ ಅಂದ.

ಗಾಡಿ 1985ರ ಯೆಜ್ಡಿ ರೋಡ್‌ಕಿಂಗ್. ಜಾವಾ ಫ್ಯಾಕ್ಟರಿಯಲ್ಲಿ ದುಡಿದ ಅವನ ಅಪ್ಪ ಅಲ್ಲೇ ತಯಾರಾದ ಗಾಡಿಯನ್ನು ಸಂಬಳದಲ್ಲಿ ಉಳಿಸಿ ಕೊಂಡಿದ್ದರು. ಅಪ್ಪ ತೀರಿಕೊಂಡರು, ಮಗ ಮೆಲ್ಬರ್ನ್‌ನಲ್ಲಿ ನೆಲೆ ನಿಂತ, ಗಾಡಿ ಹಿತ್ತಿಲಲ್ಲಿ ಉಳಿಯಿತು. ಮನೆ ಮಾರುವ ಮಾತು ಬಂದಾಗ ಅವನು ಕೇಳಿದ್ದು ಒಂದನ್ನೇ. ‘ಬೇರೇನೂ ಬೇಡ, ಅಪ್ಪನ ಗಾಡಿ ನನಗೆ ಕೊಡಿ.’ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅವನ ಅಮ್ಮ, ‘ಅಲ್ಲಿಗೆ ತಗೊಂಡು ಹೋಗಿ ಓಡಿಸ್ತೀಯೇನೋ, ಇಲ್ಲ ಹೀಗೇ ನಿಲ್ಲಿಸ್ತೀಯೋ?’ ಅಂತ ಕೇಳಿದರು. ‘ಓಡಿಸ್ತೀನಮ್ಮ’ ಅಂದ.

ಆ ಒಂದು ಮಾತು ಉಳಿಸಿಕೊಳ್ಳಲು ಅವನಿಗೆ ಹಿಡಿದ ಓಡಾಟವನ್ನು ನಾನು ಹತ್ತಿರದಿಂದ ಕಂಡೆ. ಮೋಟರ್‌ಸೈಕಲ್ಲನ್ನು ಕಡಲಾಚೆ ಕಳಿಸುವುದು ಅಥವಾ ಅಲ್ಲಿಂದ ತರುವುದು ಅಸಾಧ್ಯವೇನಲ್ಲ. ಆದರೆ ಹೊರಡುವ ಎಲ್ಲರೂ ಹಡಗಿನ ಬಾಡಿಗೆಯನ್ನೇ ಖರ್ಚು ಎಂದುಕೊಂಡು ಹೊರಡುತ್ತಾರೆ. ಬಾಡಿಗೆ ಆ ಖರ್ಚಿನ ಒಂದು ತುಂಡು ಮಾತ್ರ. ಉಳಿದದ್ದೆಲ್ಲ ನಿಮ್ಮ ಗಾಡಿ ಯಾವ ಹೆಸರಿನಲ್ಲಿ ಗಡಿ ದಾಟುತ್ತದೆ ಎಂಬುದರ ಮೇಲೆ ನಿಂತಿದೆ.

ನೆಂಟ, ಮನೆಮಂದಿ, ಸರಕು

ಕಸ್ಟಮ್ಸ್ ಅಧಿಕಾರಿಯ ಎದುರು ಪರದೇಶದ ಬೈಕು ಮೂರರಲ್ಲಿ ಒಂದು ರೂಪದಲ್ಲಿ ನಿಲ್ಲುತ್ತದೆ. ಬಂದು ಹೋಗುವ ನೆಂಟನಾಗಿ, ಯಜಮಾನನ ಜೊತೆ ಮನೆ ಬದಲಿಸುವ ಮನೆಮಂದಿಯಾಗಿ, ಇಲ್ಲವೇ ಮಾರುಕಟ್ಟೆಗೆ ಬಂದ ಸರಕಾಗಿ. ಮೂರಕ್ಕೂ ಬೇರೆ ಬೇರೆ ಕಾಗದ, ಬೇರೆ ಬೇರೆ ತೆರಿಗೆ. ಇದನ್ನು ಮೊದಲೇ ತೀರ್ಮಾನಿಸದೆ ಗಾಡಿಯನ್ನು ಪೆಟ್ಟಿಗೆಗೆ ತುಂಬಿದರೆ, ಆಚೆ ಬಂದರಿನಲ್ಲಿ ಅದು ತಾನಾಗಿಯೇ ಸರಕಾಗಿಬಿಡುತ್ತದೆ.

ನೆಂಟನ ದಾರಿ ಪ್ರವಾಸಿಗಳದ್ದು. ಬೆಂಗಳೂರಿನಿಂದ ಲಂಡನ್‌ಗೆ, ಆಫ್ರಿಕಾಕ್ಕೆ, ಆಸ್ಟ್ರೇಲಿಯಕ್ಕೆ ಬೈಕಿನಲ್ಲಿ ಹೋಗಬೇಕೆನ್ನುವವರ ಕೈಯಲ್ಲಿ ಇರಬೇಕಾದದ್ದು ‘ಕಾರ್ನೆ ದ ಪಸಾಜ್’ ಎಂಬ ದಾಖಲೆ. ಸವಾರರ ಬಾಯಲ್ಲಿ ಅದು ಬರೀ ‘ಕಾರ್ನೆ’. ಇದನ್ನು ವಾಹನದ ಪಾಸ್‌ಪೋರ್ಟ್ ಎನ್ನುವುದುಂಟು. ನಿಜವಾಗಿ ಅದೊಂದು ಜಾಮೀನುಪತ್ರ. ‘ಈ ಗಾಡಿಯನ್ನು ನಿಮ್ಮ ದೇಶದಲ್ಲಿ ಮಾರುವುದಿಲ್ಲ, ಹೊರಗೆ ಒಯ್ಯುತ್ತೇವೆ; ಒಯ್ಯದಿದ್ದರೆ ಸುಂಕ ನಾವು ತುಂಬುತ್ತೇವೆ’ ಎಂದು ಒಂದು ದೇಶದ ಆಟೊಮೊಬೈಲ್ ಸಂಸ್ಥೆ ಇನ್ನೊಂದು ದೇಶಕ್ಕೆ ಕೊಡುವ ಮಾತು. ಭಾರತದಲ್ಲಿ ಇದನ್ನು ಕೊಡುವುದು ಮುಂಬೈಯ ವೆಸ್ಟರ್ನ್ ಇಂಡಿಯಾ ಆಟೊಮೊಬೈಲ್ ಅಸೋಸಿಯೇಷನ್. ಅವಧಿ ಒಂದು ವರ್ಷ. ಪುಸ್ತಕದ ಪ್ರತಿ ಹಾಳೆಗೂ ಮೂರು ಭಾಗ. ಒಳಬರುವಾಗ ಒಂದನ್ನು ಹರಿದುಕೊಳ್ಳುತ್ತಾರೆ, ಹೊರಹೋಗುವಾಗ ಇನ್ನೊಂದನ್ನು; ಮೂರನೆಯದರ ಮೇಲೆ ಎರಡೂ ಸಲದ ಮೊಹರು ಬಿದ್ದು ಅದು ಪುಸ್ತಕದಲ್ಲೇ ಉಳಿಯುತ್ತದೆ.

ಈ ಮಾತಿಗೆ ಸಂಸ್ಥೆ ನಿಮ್ಮಿಂದ ಭದ್ರತೆ ಪಡೆಯುತ್ತದೆ, ಠೇವಣಿಯಾಗಿ ಇಲ್ಲವೇ ಬ್ಯಾಂಕ್ ಗ್ಯಾರಂಟಿಯಾಗಿ. ನೀವು ಹಾದುಹೋಗುವ ದೇಶಗಳಲ್ಲಿ ಸುಂಕ ಯಾವುದರದ್ದು ಹೆಚ್ಚೋ ಅದರ ಲೆಕ್ಕದಲ್ಲಿ ಆ ಮೊತ್ತ ನಿಗದಿಯಾಗುತ್ತದೆ. ಇರಾನ್, ಈಜಿಪ್ಟ್‌ನಂಥ ದೇಶಗಳು ದಾರಿಯಲ್ಲಿದ್ದರೆ ಭದ್ರತೆ ಗಾಡಿಯ ಬೆಲೆಯನ್ನೂ ಮೀರಬಹುದು. ಹಣ ವಾಪಸ್ ಬರುತ್ತದೆ, ನಿಜ. ಆದರೆ ತಿಂಗಳುಗಟ್ಟಲೆ ಅದು ಕೈಗೆ ಸಿಗುವುದಿಲ್ಲ. ಯಾವುದೋ ಗಡಿಯ ಗಡಿಬಿಡಿಯಲ್ಲಿ ಹೊರಹೋಗುವ ಮೊಹರು ಹಾಕಿಸಿಕೊಳ್ಳದೆ ಬಂದರೆ, ಆ ದೇಶದ ಲೆಕ್ಕದಲ್ಲಿ ಗಾಡಿ ಇನ್ನೂ ಒಳಗೇ ಇದೆ ಎಂದರ್ಥ. ಸುಂಕದ ನೋಟಿಸು ಮುಂಬೈಗೆ ಬರುತ್ತದೆ, ಸಂಸ್ಥೆ ನಿಮ್ಮ ಠೇವಣಿಗೆ ಕೈ ಹಾಕುತ್ತದೆ. ಹಾಗಾಗಿ ಅನುಭವಿ ಸವಾರರು ಮೊಹರು ಬಿದ್ದ ಪ್ರತಿ ಹಾಳೆಯನ್ನೂ ಅಲ್ಲೇ ನಿಂತು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳುತ್ತಾರೆ.

ಎರಡನೆಯದು ಮನೆಮಂದಿಯ ದಾರಿ. ಕೆಲಸಕ್ಕೆಂದು ಶಾಶ್ವತವಾಗಿ ಬೇರೆ ದೇಶಕ್ಕೆ ಹೋಗುವವರು ತಾವು ಬಳಸುತ್ತಿದ್ದ ವಾಹನವನ್ನು ಸುಂಕವಿಲ್ಲದೆ ಒಯ್ಯಲು ಹಲವು ದೇಶಗಳು ಅವಕಾಶ ಕೊಟ್ಟಿವೆ. ಬ್ರಿಟನ್ನಿನಲ್ಲಾಗಲಿ ಜರ್ಮನಿಯಲ್ಲಾಗಲಿ ನಿಯಮದ ತಿರುಳು ಹೆಚ್ಚುಕಡಿಮೆ ಒಂದೇ. ಅಲ್ಲಿಗೆ ಹೋಗುವ ಮೊದಲು ಕನಿಷ್ಠ 12 ತಿಂಗಳು ನೀವು ಹೊರಗೆ ವಾಸವಿರಬೇಕು. ಗಾಡಿಯನ್ನು ಕನಿಷ್ಠ 6 ತಿಂಗಳು ನಿಮ್ಮದಾಗಿಟ್ಟುಕೊಂಡು ಬಳಸಿರಬೇಕು. ಅಲ್ಲಿಗೆ ಹೋದ ಮೇಲೆ 12 ತಿಂಗಳು ಅದನ್ನು ಮಾರುವಂತಿಲ್ಲ, ಬಾಡಿಗೆಗೆ ಕೊಡುವಂತಿಲ್ಲ. ವೀಸಾ ಬಂದ ಮೇಲೆ ಹೊಸ ಬೈಕು ಕೊಂಡು ಜೊತೆಗೆ ಒಯ್ಯುವ ಯೋಚನೆ ಈ ನಿಯಮದ ಮುಂದೆ ನಿಲ್ಲುವುದಿಲ್ಲ.

ಮೂರನೆಯದು ಸರಕಿನ ದಾರಿ. ರಿಯಾಯಿತಿ ಇಲ್ಲ, ಪೂರ್ತಿ ಸುಂಕ, ಅದರ ಮೇಲೆ ಆ ದೇಶದ ಮಾರಾಟ ತೆರಿಗೆ.

ನನ್ನ ಗೆಳೆಯನದ್ದು ಈ ಮೂರರಲ್ಲಿ ಯಾವುದಕ್ಕೂ ಸರಿಯಾಗಿ ಕೂರದ ಸಂಗತಿ. ಅವನು ವಲಸೆ ಹೋಗಿ ವರ್ಷಗಳಾಗಿದ್ದವು. ಗಾಡಿಯ ಆರ್‌ಸಿ ಇನ್ನೂ ಅಪ್ಪನ ಹೆಸರಿನಲ್ಲಿತ್ತು. ಮೊದಲ ಓಡಾಟವೇ ಆರ್‌ಟಿಒ ಕಚೇರಿಗೆ. ಮಾಲೀಕರು ತೀರಿಕೊಂಡಾಗ ವಾರಸುದಾರರ ಹೆಸರಿಗೆ ವರ್ಗಾಯಿಸುವ 31ನೇ ನಮೂನೆ ತುಂಬಿ, ಮರಣ ಪ್ರಮಾಣಪತ್ರ ಲಗತ್ತಿಸಿ, ಅಮ್ಮ ಮತ್ತು ತಂಗಿಯ ಒಪ್ಪಿಗೆ ಪಡೆದು ಹೆಸರು ಬದಲಿಸಿದ್ದಾಯಿತು. ಅವನ ಕೈ ಹಿಡಿದದ್ದು ಗಾಡಿಯ ವಯಸ್ಸು. ತಯಾರಾಗಿ 25 ವರ್ಷ ದಾಟಿದ ವಾಹನಗಳಿಗೆ ಆಸ್ಟ್ರೇಲಿಯ ಪ್ರತ್ಯೇಕ ದಾರಿ ಇಟ್ಟಿದೆ. ಅಮೆರಿಕದ ಸುರಕ್ಷತಾ ನಿಯಮಗಳೂ 25 ವರ್ಷ ದಾಟಿದ ವಾಹನಕ್ಕೆ ಅನ್ವಯಿಸುವುದಿಲ್ಲ. ಬ್ರಿಟನ್ನಿನಲ್ಲಿ 30 ವರ್ಷ ದಾಟಿ, ಮೂಲರೂಪದಲ್ಲೇ ಉಳಿದ, ತಯಾರಿಕೆ ನಿಂತುಹೋದ ಮಾದರಿಗೆ ಐತಿಹಾಸಿಕ ವಾಹನದ ಮಾನ್ಯತೆ ಸಿಕ್ಕರೆ ಆಮದು ಸುಂಕವಿಲ್ಲ, 20ರ ಬದಲು ಶೇ 5ರಷ್ಟು ವ್ಯಾಟ್ ಮಾತ್ರ. ಅಪ್ಪನ ಗಾಡಿಗೆ ಅಂದದ ಹ್ಯಾಂಡಲ್, ದೊಡ್ಡ ಟೈರು ಹಾಕಿಸಿ ಕಳಿಸೋಣ ಎನ್ನುವವರು ಈ ‘ಮೂಲರೂಪ’ ಎಂಬ ಪದವನ್ನು ಎರಡು ಸಲ ಓದಬೇಕು.

ಮಣ್ಣು, ಕಲ್ನಾರು ಮತ್ತು ಒಂದು ಅನುಮತಿ

ಆಸ್ಟ್ರೇಲಿಯದ ನಿಯಮದಲ್ಲಿ ಅನುಮತಿ ಮೊದಲು, ಹಡಗು ಆಮೇಲೆ. ವಾಹನ ಆಮದಿನ ಅನುಮತಿಪತ್ರ ಕೈಗೆ ಬರುವ ಮುನ್ನ ಗಾಡಿ ಹೊರಟರೆ, ಅದು ಬಂದರಿನಲ್ಲಿ ಬಾಡಿಗೆ ಏರಿಸಿಕೊಳ್ಳುತ್ತ ಕೂರುತ್ತದೆ. ಕೊನೆಗೆ ಅದನ್ನು ವಾಪಸ್ ಕಳಿಸಬೇಕಾಗಿಯೂ ಬರಬಹುದು. ನಂತರದ್ದು ಮಣ್ಣು. ಹೊರಗಿನ ಕಳೆ, ಕೀಟ, ರೋಗ ತಮ್ಮ ಹೊಲಗಳಿಗೆ ಬರಬಾರದೆಂದು ಆ ದೇಶ ವಹಿಸುವ ಎಚ್ಚರ ದೊಡ್ಡದು. ಹಿತ್ತಿಲಲ್ಲಿ ಹಲ್ಲುಜ್ಜುವ ಬ್ರಷ್ ಹಿಡಿದು ಕೂತದ್ದು ಇದಕ್ಕೇ. ಸೀಟಿನ ಅಡಿ, ಚೈನ್ ಕವರಿನ ಒಳಗು, ಎಂಜಿನ್ನಿನ ರೆಕ್ಕೆಗಳ ಸಂದು, ಟೈರಿನ ಗೀರುಗಳು, ಎಲ್ಲವೂ ಕನ್ನಡಿಯಂತಾಗಬೇಕು.

ಮೂರನೆಯ ತೊಡಕನ್ನು ನಾವು ಊಹಿಸಿರಲೇ ಇಲ್ಲ. ಅದು ಕಲ್ನಾರು, ನಾವೆಲ್ಲ ಆಸ್ಬೆಸ್ಟಾಸ್ ಎನ್ನುವ ವಸ್ತು. 2003ರ ಡಿಸೆಂಬರ್ 31ರಿಂದ ಆಸ್ಟ್ರೇಲಿಯದಲ್ಲಿ ಅದಕ್ಕೆ ಸಂಪೂರ್ಣ ನಿಷೇಧವಿದೆ. ಆಮದಾಗುವ ವಾಹನದಲ್ಲೂ ಅದು ಇರಕೂಡದು, ಇಲ್ಲವೆಂದು ತೋರಿಸುವ ಹೊಣೆ ತರುವವನದ್ದು. ಹಳೆಯ ಗಾಡಿಗಳ ಬ್ರೇಕ್ ಲೈನರ್, ಗ್ಯಾಸ್ಕೆಟ್‌ಗಳಲ್ಲಿ ಅದು ಇರುವುದು ಸಾಮಾನ್ಯ.

ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಹಿಂದಿನ ಚಕ್ರ ಬಿಚ್ಚಿ ಡ್ರಮ್ಮಿನೊಳಗಿನ ಶೂಗಳನ್ನು ಹೊರತೆಗೆದರು. ಅವರೂ ಫ್ಯಾಕ್ಟರಿಯ ಕಾಲದವರೇ. ಲೈನರಿನ ಮೇಲೆ ಬೆರಳಾಡಿಸಲು ಹೋದ ಗೆಳೆಯನನ್ನು ತಡೆದು, ‘ಮುಟ್ಟಬೇಡಿ ಸಾರ್, ಹಳೇ ಮಾಲು. ಆಗಿನ ಕಾಲದಲ್ಲಿ ಎಲ್ಲದಕ್ಕೂ ಅದೇ ಹಾಕ್ತಿದ್ರು. ನಾವು ಬಾಯಲ್ಲಿ ಊದಿ ಧೂಳು ಹಾರಿಸ್ತಿದ್ವಿ, ಯಾರಿಗೆ ಗೊತ್ತಿತ್ತು’ ಅಂದರು. ಒದ್ದೆ ಬಟ್ಟೆಯಲ್ಲಿ ಸುತ್ತಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರು. ಕಲ್ನಾರಿಲ್ಲದ ಹೊಸ ಲೈನರ್ ಹೊಡೆಸಿ, ಸೈಲೆನ್ಸರ್ ಬಾಯಿಯ ಗ್ಯಾಸ್ಕೆಟ್ ಬದಲಿಸಿ, ಪ್ರತಿ ಬದಲಾವಣೆಯ ಬಿಲ್ಲು ಮತ್ತು ಫೋಟೊ ಇಟ್ಟುಕೊಂಡದ್ದಾಯಿತು. ಪರದೇಶದ ಕಾನೂನೊಂದು ಮೈಸೂರಿನ ಗ್ಯಾರೇಜಿನ ನೆಲದ ಮೇಲೆ ಹೀಗೆ ಬಂದು ಕೂತಿತ್ತು. ಆ ಮೆಕ್ಯಾನಿಕ್ಕಿನ ಮಾತು ನನ್ನ ಮನಸ್ಸಿನಿಂದ ಇನ್ನೂ ಹೋಗಿಲ್ಲ.

ಮರದ ಪೆಟ್ಟಿಗೆಯ ಲೆಕ್ಕ

ಇನ್ನು ಪೆಟ್ಟಿಗೆ. ಮರದ ಪ್ಯಾಕಿಂಗ್ ಎಂದ ಕೂಡಲೇ ಸಿಕ್ಕ ಹಲಗೆ ಹೊಡೆಯುವಂತಿಲ್ಲ. ಮರದೊಳಗಿನ ಹುಳು ದೇಶದಿಂದ ದೇಶಕ್ಕೆ ಹರಡಬಾರದೆಂದು ‘ಐಎಸ್‌ಪಿಎಂ 15’ ಎಂಬ ಅಂತರರಾಷ್ಟ್ರೀಯ ನಿಯಮವಿದೆ. ಬಿಸಿಯಲ್ಲಿ ಸಂಸ್ಕರಿಸುವುದಾದರೆ ಮರದ ತಿರುಳು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸತತ 30 ನಿಮಿಷ ಇರಬೇಕು. ಆಮೇಲೆ ಗೋಧಿ ತೆನೆಯ ಗುರುತಿನ ಮುದ್ರೆ ಬೀಳುತ್ತದೆ. ಆ ಮುದ್ರೆಯಿಲ್ಲದ ಪೆಟ್ಟಿಗೆಯನ್ನು ಆಚೆ ಬಂದರು ತಿರಸ್ಕರಿಸಬಹುದು.

ಹಡಗಿನ ಬಾಡಿಗೆಯನ್ನು ನಿರ್ಧರಿಸುವುದು ತೂಕಕ್ಕಿಂತ ಹೆಚ್ಚಾಗಿ ಪೆಟ್ಟಿಗೆ ನುಂಗುವ ಜಾಗ. ಅದರ ಅಳತೆ ಘನ ಮೀಟರ್, ವ್ಯವಹಾರದಲ್ಲಿ ‘ಸಿಬಿಎಂ’. 2.2 ಮೀಟರ್ ಉದ್ದ, 0.8 ಮೀಟರ್ ಅಗಲ, 1.2 ಮೀಟರ್ ಎತ್ತರದ ಪೆಟ್ಟಿಗೆ 2.1 ಸಿಬಿಎಂ ಆಗುತ್ತದೆ. ಮುಂದಿನ ಚಕ್ರ, ಹ್ಯಾಂಡಲ್, ಕನ್ನಡಿ ಬಿಚ್ಚಿಟ್ಟರೆ ಉದ್ದವೂ ಎತ್ತರವೂ ಇಳಿಯುತ್ತವೆ, ಬಾಡಿಗೆಯೂ ಇಳಿಯುತ್ತದೆ. ವಿಮಾನದಲ್ಲಾದರೆ ಈ ಲೆಕ್ಕ ಇನ್ನೂ ಬಿಗಿ. ಅಲ್ಲಿ 6,000 ಘನ ಸೆಂಟಿಮೀಟರ್‌ಗೆ ಒಂದು ಕಿಲೊ ಎಂಬ ಸೂತ್ರ. ಅದೇ ಪೆಟ್ಟಿಗೆ 352 ಕಿಲೊ ತೂಗುತ್ತದೆ ಎಂದು ಲೆಕ್ಕ ಹಿಡಿಯುತ್ತಾರೆ, ಒಳಗಿರುವ ಗಾಡಿ ಅದರ ಅರ್ಧ ತೂಗಿದರೂ ಅಷ್ಟೇ ದುಡ್ಡು. ಪೆಟ್ರೋಲ್ ಬಸಿದು, ಬ್ಯಾಟರಿಯ ತಂತಿ ಬಿಚ್ಚಿ ಟೇಪು ಸುತ್ತಬೇಕು. ಪೆಟ್ರೋಲ್ ವಾಹನ ಅಪಾಯಕಾರಿ ಸರಕಿನ ಪಟ್ಟಿಯಲ್ಲಿದೆ. ಅದರ ಘೋಷಣಾಪತ್ರಕ್ಕೂ ಶುಲ್ಕವಿದೆ.

ಕಾರ್ಖಾನೆಗಳಿಗೆ ಇದೇ ಕೆಲಸ ಅಗ್ಗ. ಬೆಂಗಳೂರಿನ ಮಗ್ಗುಲಿನ ಹೊಸೂರಿನಲ್ಲಿ ಟಿವಿಎಸ್ ತಯಾರಿಸಿದ ಬಿಎಂಡಬ್ಲ್ಯು ಜಿ 310 ಆರ್ ಬೈಕು ದೇಶ ದೇಶಗಳಿಗೆ ಹೋಗಿದೆ. ಅಲ್ಲಿ ಇಡೀ ಕಂಟೇನರು ಒಬ್ಬರದ್ದೇ, ಕಾಗದ ಪತ್ರವೂ ಒಂದೇ ಕಂತೆ. ಒಂಟಿ ಗಾಡಿಗೆ ಆ ಅನುಕೂಲವಿಲ್ಲ. ಅದು ಹತ್ತಾರು ಜನರ ಸಾಮಾನಿನ ಜೊತೆ ಹಂಚಿಕೆಯ ಕಂಟೇನರಿನಲ್ಲಿ ಹೋಗಬೇಕು. ಇದಕ್ಕೆ ‘ಎಲ್‌ಸಿಎಲ್’ ಎನ್ನುತ್ತಾರೆ.

ನನ್ನ ಗೆಳೆಯನಿಗೆ ಪೆಟ್ಟು ಬಿದ್ದದ್ದು ಇಲ್ಲೇ. ಸಾಗಣೆ ಏಜೆಂಟರೊಬ್ಬರು ಬಹಳ ಕಡಿಮೆ ದರ ಹೇಳಿದ್ದರು. ನಾವಿಬ್ಬರೂ ಖುಷಿಪಟ್ಟೆವು. ಆ ದರ ಬಂದರಿನಿಂದ ಬಂದರಿಗೆ ಮಾತ್ರ ಎಂಬ ಸಾಲು ಕೊಟೇಶನ್ನಿನ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿತ್ತು. ಮೆಲ್ಬರ್ನ್‌ನಲ್ಲಿ ಕಂಟೇನರ್ ಬಿಚ್ಚುವ ಶುಲ್ಕ, ಟರ್ಮಿನಲ್ ಶುಲ್ಕ, ದಾಖಲೆ ಶುಲ್ಕ, ಗೋದಾಮಿನ ಬಾಡಿಗೆ, ತಪಾಸಣೆ ಶುಲ್ಕ ಒಂದರ ಹಿಂದೊಂದು ಬಂದವು. ಕೂಡಿಸಿ ನೋಡಿದಾಗ ಅದು ಹಡಗಿನ ಬಾಡಿಗೆಯನ್ನೇ ಮೀರಿತ್ತು. ಹಂಚಿಕೆ ಕಂಟೇನರಿನ ವ್ಯವಹಾರದಲ್ಲಿ ಈ ಕಡೆ ಬಿಟ್ಟ ಲಾಭವನ್ನು ಆ ಕಡೆ ಎತ್ತಿಕೊಳ್ಳುವುದು ಹಳೆಯ ರೂಢಿ. ‘ಮನೆ ಬಾಗಿಲಿನಿಂದ ಮನೆ ಬಾಗಿಲಿಗೆ ಎಷ್ಟು, ಆ ಕಡೆಯ ಬಂದರಿನ ಪ್ರತಿ ಶುಲ್ಕ ಎಷ್ಟು’ ಎಂದು ಬರಹದಲ್ಲಿ ಕೇಳದ ತಪ್ಪು ನಮ್ಮದೂ ಇತ್ತು. ಅಂದು ಕೇಳಿದ್ದರೆ ಇನ್ನೊಬ್ಬ ಏಜೆಂಟರು ಹೇಳಿದ್ದ, ನೋಡಲು ದುಬಾರಿಯಾಗಿದ್ದ ದರವೇ ಅಗ್ಗವೆಂದು ತಿಳಿಯುತ್ತಿತ್ತು.

ತೆರಿಗೆ ಕೊನೆಗೆ ಬರುತ್ತದೆ. ಆಸ್ಟ್ರೇಲಿಯದ ಶೇ 10ರ ಜಿಎಸ್‌ಟಿ ಬರೀ ಗಾಡಿಯ ಬೆಲೆಯ ಮೇಲೆ ಬೀಳುವುದಿಲ್ಲ. ಬೆಲೆಗೆ ಸಾಗಣೆ, ವಿಮೆ, ಸುಂಕವಿದ್ದರೆ ಸುಂಕ ಎಲ್ಲ ಕೂಡಿಸಿ ಅದರ ಮೇಲೆ ಹಾಕುತ್ತಾರೆ. ಬಾಡಿಗೆ ಏರಿದರೆ ತೆರಿಗೆಯೂ ಏರುತ್ತದೆ ಎಂಬುದು ಹೆಚ್ಚಿನವರಿಗೆ ಹೊಳೆಯುವುದಿಲ್ಲ.

ಕಡಲಿನ ಹಂಗು

ವಿಮೆ ಬೇಡ, ಹಳೆಯ ಗಾಡಿ ತಾನೆ ಎನ್ನುವವರಿಗೆ ಎರಡು ಘಟನೆ ಹೇಳಬೇಕು. 2021ರ ಮಾರ್ಚ್‌ನಲ್ಲಿ ಎವರ್ ಗಿವನ್ ಎಂಬ ಹಡಗು ಸೂಯೆಜ್ ಕಾಲುವೆಗೆ ಅಡ್ಡಲಾಗಿ ಆರು ದಿನ ಸಿಕ್ಕಿಕೊಂಡಿತು. ಅದನ್ನು ಬಿಡಿಸಿದ ಮೇಲೆ ಮಾಲೀಕರು ‘ಜನರಲ್ ಆವರೇಜ್’ ಘೋಷಿಸಿದರು. ಇದು ಕಡಲ ವ್ಯಾಪಾರದ ಬಹಳ ಹಳೆಯ ಧರ್ಮ. ಹಡಗನ್ನೂ ಅದರ ಸರಕನ್ನೂ ಉಳಿಸಲು ತಗಲಿದ ಖರ್ಚನ್ನು ಸರಕು ಹೇರಿದವರೆಲ್ಲ ತಮ್ಮ ಪಾಲಿನಷ್ಟು ಹೊರಬೇಕು. ನಿಮ್ಮ ಪೆಟ್ಟಿಗೆಗೆ ಒಂದು ಗೀರೂ ಬೀಳದಿದ್ದರೂ ಪಾಲು ಕೊಡದೆ ಅದು ಕೈಗೆ ಸಿಗದು. ವಿಮೆಯಿದ್ದರೆ ಆ ಹೊಣೆ ವಿಮಾ ಕಂಪನಿಯದ್ದು, ಇಲ್ಲದಿದ್ದರೆ ನಿಮ್ಮದೇ.

ಇನ್ನೊಂದು ನಮ್ಮ ನೆರೆಯ ಕಡಲಿನದ್ದೇ. 2025ರ ಮೇ 25ರಂದು ಎಂಎಸ್‌ಸಿ ಎಲ್ಸಾ 3 ಎಂಬ ಹಡಗು ಕೊಚ್ಚಿಯ ಆಚೆ 640 ಕಂಟೇನರ್‌ಗಳೊಂದಿಗೆ ಮುಳುಗಿತು. ಕೆಲವು ಕಂಟೇನರ್‌ಗಳು ಕೇರಳದ ಕರಾವಳಿಗೆ ತೇಲಿ ಬಂದವು. ಆ ಕಂಟೇನರ್‌ಗಳಲ್ಲಿ ಯಾರ ಯಾರ ಬದುಕಿನ ಸಾಮಾನಿತ್ತೋ. ಅಪ್ಪನ ಗಾಡಿಗೆ ವಿಮೆ ಮಾಡಿದರೆ ಅಪ್ಪನ ಗಾಡಿ ವಾಪಸ್ ಬರುವುದಿಲ್ಲ, ಒಪ್ಪುತ್ತೇನೆ. ಆದರೆ ಗಾಡಿಯ ಜೊತೆ ಉಳಿತಾಯವೂ ಮುಳುಗಬಾರದು.

ಸುಂಕದ ಗೋಡೆ ಕಟ್ಟಿದ ಕಾರ್ಖಾನೆ

ಪೆಟ್ಟಿಗೆಗೆ ಮೊಳೆ ಹೊಡೆಯುವಾಗ ನನಗೆ ಒಂದು ಸಂಗತಿ ಕಾಡಿತು. ಈ ಗಾಡಿ ಹುಟ್ಟಿದ್ದೇ ಆಮದಿನ ಬಾಗಿಲು ಮುಚ್ಚಿದ್ದರಿಂದ. ಜಾವಾ ಮೂಲತಃ ಪ್ರಾಗ್ ನಗರದ್ದು. 1929ರಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಜರ್ಮನಿಯ ವಾಂಡರರ್ ಕಂಪನಿಯ ಮೋಟರ್‌ಸೈಕಲ್ ಹಕ್ಕು ಕೊಂಡು, ತನ್ನ ಮನೆತನದ ಹೆಸರಿನ ಮೊದಲ ಎರಡು ಇಂಗ್ಲಿಷ್ ಅಕ್ಷರಕ್ಕೆ (Ja) ವಾಂಡರರ್‌ನ ಎರಡಕ್ಷರ (Wa) ಸೇರಿಸಿ ಆ ಹೆಸರು ಇಟ್ಟ. ಇರಾನಿ ಮನೆತನದವರು ಅದನ್ನು ಮುಂಬೈಗೆ ತರಿಸಿ ಮಾರುತ್ತಿದ್ದರು. 1950ರ ದಶಕದಲ್ಲಿ ಸರ್ಕಾರ ದ್ವಿಚಕ್ರ ವಾಹನಗಳ ಆಮದನ್ನು ತಡೆದಾಗ ಅವರ ಮುಂದೆ ಉಳಿದದ್ದು ಇಲ್ಲೇ ತಯಾರಿಸುವ ದಾರಿ. ಹಾಗೆ ಬಂತು ಮೈಸೂರಿನ ಐಡಿಯಲ್ ಜಾವಾ. 1961ರಲ್ಲಿ ಜಯಚಾಮರಾಜ ಒಡೆಯರ್ ಅದನ್ನು ಉದ್ಘಾಟಿಸಿದರು. 1973ರಿಂದ ಗಾಡಿಗಳು ಯೆಜ್ಡಿ ಹೆಸರಿನಲ್ಲಿ ಹೊರಬಂದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಕಿಕ್ ಹೊಡೆಯುವ ಸನ್ನೆಯೇ ಮುಂದೆ ವಾಲಿಸಿದರೆ ಗೇರ್ ಆಗುವ ಆ ಚಮತ್ಕಾರ, ಜೋಡಿ ಸೈಲೆನ್ಸರಿನ ಆ ಸದ್ದು ಮಾತ್ರ ಮೈಸೂರಿನ ಬೀದಿಗಳಲ್ಲಿ ಇನ್ನೂ ಉಳಿದಿದೆ.

ಎನ್‌ಫೀಲ್ಡ್‌ನ ಕಥೆಯೂ ಹೀಗೇ. ಇಂಗ್ಲೆಂಡಿನ ರೆಡಿಚ್‌ನ ಬುಲೆಟ್ 1955ರಲ್ಲಿ ಮದ್ರಾಸಿಗೆ ಬಂತು. ಮೂಲ ಕಂಪನಿ ಅಲ್ಲಿ ಮುಚ್ಚಿದ ಮೇಲೆ, 1977ರಲ್ಲಿ ಮದ್ರಾಸಿನ ಬುಲೆಟ್ಟೇ ಹಡಗು ಹತ್ತಿ ಬ್ರಿಟನ್ನಿಗೆ ಹೋಯಿತು. ಆಮದು ತಡೆದ ನಾಡು ರಫ್ತು ಮಾಡುವ ನಾಡಾಯಿತು. ಸುಂಕವನ್ನು ಬರೀ ಸುಲಿಗೆ ಎನ್ನುವವರು ಇದನ್ನೂ ನೆನೆಯಬೇಕು. ಯಾದವಗಿರಿಯ ಎಷ್ಟೋ ಮನೆಗಳಲ್ಲಿ ಒಲೆ ಉರಿದದ್ದು ಆ ಗೋಡೆಯ ನೆರಳಿನಲ್ಲಿ.

ಇತ್ತ ತರುವವರಿಗೆ

ಆ ಗೋಡೆ ಈಗ ತಗ್ಗಿದೆ, ಪೂರ್ತಿ ಬಿದ್ದಿಲ್ಲ. 2007ರಲ್ಲಿ ಭಾರತದ ಮಾವಿನಹಣ್ಣಿಗೆ ಅಮೆರಿಕ ಬಾಗಿಲು ತೆರೆದಾಗ ಹಾರ್ಲೆ ಡೇವಿಡ್‌ಸನ್‌ಗೆ ಭಾರತ ದಾರಿ ಬಿಟ್ಟಿತು. 2018ರಲ್ಲಿ ಪೂರ್ಣ ಜೋಡಣೆಯಾದ ಬೈಕುಗಳ ಮೂಲ ಸುಂಕವನ್ನು ಶೇ 50ಕ್ಕೆ ಇಳಿಸಲಾಯಿತು. 2025ರ ಬಜೆಟ್ಟಿನಲ್ಲಿ ಅದು 1,600 ಸಿಸಿವರೆಗಿನ ಗಾಡಿಗೆ ಶೇ 40ಕ್ಕೂ, ಅದಕ್ಕೂ ದೊಡ್ಡದಕ್ಕೆ ಶೇ 30ಕ್ಕೂ ಇಳಿಯಿತು. 2025ರ ಸೆಪ್ಟೆಂಬರ್ 22ರಿಂದ 350 ಸಿಸಿ ಮೀರಿದ ಬೈಕಿಗೆ ಜಿಎಸ್‌ಟಿ ಶೇ 40.

ಇದನ್ನು ಒಂದು ಗಾಡಿಯ ಮೇಲಿಟ್ಟು ನೋಡೋಣ. ಸಾಗಣೆ, ವಿಮೆ ಸೇರಿ ಹತ್ತು ಲಕ್ಷ ರೂಪಾಯಿಗೆ ನಮ್ಮ ಬಂದರು ಮುಟ್ಟಿದ 900 ಸಿಸಿ ಹೊಸ ಬೈಕು ಎಂದುಕೊಳ್ಳಿ. ಮೂಲ ಸುಂಕ ನಾಲ್ಕು ಲಕ್ಷ, ಒಟ್ಟು ಹದಿನಾಲ್ಕು. ಆ ಹದಿನಾಲ್ಕರ ಮೇಲೆ ಶೇ 40 ಜಿಎಸ್‌ಟಿ ಎಂದರೆ 5.6 ಲಕ್ಷ. ಅಲ್ಲಿಗೆ 19.6 ಲಕ್ಷ. ಕರ್ನಾಟಕದಲ್ಲಿ ಲಕ್ಷ ಮೀರಿದ ಬೈಕಿನ ಜೀವಿತಾವಧಿ ತೆರಿಗೆ ಶೇ 18. ಅದೂ ಸೇರಿದರೆ 23 ಲಕ್ಷ ದಾಟುತ್ತದೆ. ಉಪಕರ, ಬಂದರು ಶುಲ್ಕ, ಕಸ್ಟಮ್ಸ್ ಬ್ರೋಕರರ ಸಂಭಾವನೆ ಏನಿದ್ದರೂ ಅವು ಬೇರೆ. ದರಗಳು ಬಜೆಟ್ಟಿನಿಂದ ಬಜೆಟ್ಟಿಗೆ ಬದಲಾಗುತ್ತವೆ. ತೆರಿಗೆಯ ಮೇಲೆ ತೆರಿಗೆ ಕೂರುವ ಈ ಕ್ರಮ ಬದಲಾಗುವುದಿಲ್ಲ.

ನಮ್ಮ ಕರಾವಳಿಯ ಮನೆಗಳಲ್ಲಿ ಇನ್ನೊಂದು ಆಸೆ ಇದೆ. ದುಬೈಯಲ್ಲೋ ಮಸ್ಕತ್‌ನಲ್ಲೋ ದುಡಿದು ಕೊಂಡ ಬೈಕನ್ನು ಊರಿಗೆ ಮರಳುವಾಗ ಮನೆ ಸಾಮಾನಿನ ಜೊತೆ ತರಬಹುದು ಎಂಬ ಆಸೆ. ಪ್ರಯಾಣಿಕರ ಸಾಮಾನಿನ ರಿಯಾಯಿತಿ ವಾಹನಕ್ಕೆ ಸಲ್ಲುವುದಿಲ್ಲ. ಬಳಸಿದ ವಾಹನ ತಯಾರಾಗಿ ಮೂರು ವರ್ಷ ಮೀರಿರಬಾರದು, ಇನ್ನೂ ಐದು ವರ್ಷ ರಸ್ತೆಗೆ ಯೋಗ್ಯವೆಂಬ ಪ್ರಮಾಣಪತ್ರ ಬೇಕು, ಅದು ಬರಬೇಕಾದದ್ದು ಮುಂಬೈ ಬಂದರಿನ ಮೂಲಕವೇ. ಪಣಂಬೂರಿನ ಬಂದರು ಮನೆಯಿಂದ ಕಾಣುವಷ್ಟು ಹತ್ತಿರವಿದ್ದರೂ ಪ್ರಯೋಜನವಿಲ್ಲ. ಬಳಸಿದ ಗಾಡಿಯ ಸುಂಕ ಹೊಸದಕ್ಕಿಂತಲೂ ಹೆಚ್ಚು. ಬಂದ ಸರಕನ್ನು 30 ದಿನದೊಳಗೆ ಬಿಡಿಸಿಕೊಳ್ಳದಿದ್ದರೆ ನೋಟಿಸು ಕೊಟ್ಟು ಮಾರಲು ಕಸ್ಟಮ್ಸ್ ಕಾಯ್ದೆಯ 48ನೇ ಸೆಕ್ಷನ್ ಅವಕಾಶ ಕೊಡುತ್ತದೆ. ವರ್ಷಗಳ ಬೆವರು ಹರಾಜಿನ ಕಟ್ಟೆ ಹತ್ತುವ ಮೊದಲು, ಅದನ್ನು ಅಲ್ಲೇ ಮಾರಿ ಬರುವುದು ಒಳ್ಳೆಯದು. ಇದನ್ನು ಹೇಳಲು ನನಗೂ ಬೇಸರ, ಆದರೆ ಲೆಕ್ಕ ಹಾಗೇ ಹೇಳುತ್ತದೆ.

ಹೊರಡುವ ಮುನ್ನ

ಗೆಳೆಯನ ಓಡಾಟ ನನಗೆ ಕಲಿಸಿದ್ದನ್ನು ಕೆಲವೇ ಮಾತಿನಲ್ಲಿ ಹೇಳುತ್ತೇನೆ. ಗಾಡಿ ನೆಂಟನೋ, ಮನೆಮಂದಿಯೋ, ಸರಕೋ ಎಂದು ಮೊದಲು ತೀರ್ಮಾನಿಸಿ. ಆರ್‌ಸಿಯಲ್ಲಿನ ಎಂಜಿನ್ ಮತ್ತು ಚಾಸಿ ಸಂಖ್ಯೆಗಳನ್ನು ಗಾಡಿಯ ಮೇಲೆ ಕೊರೆದ ಸಂಖ್ಯೆಗಳೊಂದಿಗೆ ಅಕ್ಷರಕ್ಕೆ ಅಕ್ಷರ ಹೋಲಿಸಿ. ಎಂಜಿನ್ ಬದಲಿಸಿದ ಹಳೆಯ ಗಾಡಿಗಳು ಸಿಕ್ಕಿಬೀಳುವುದು ಇಲ್ಲೇ. ಎಂದಾದರೂ ವಾಪಸ್ ತರುವ ಯೋಚನೆಯಿದ್ದರೆ ಆ ಸಂಖ್ಯೆಗಳು ರಫ್ತಿನ ಶಿಪ್ಪಿಂಗ್ ಬಿಲ್ಲಿನಲ್ಲೂ ದಾಖಲಾಗಿರಲಿ. ಹೋದ ಗಾಡಿಯೇ ಮರಳಿದ್ದು ಎಂದು ತೋರಿಸಲು ಅದೇ ಸಾಕ್ಷಿ. ಮುಟ್ಟುವ ದೇಶದ ಅನುಮತಿ ಕೈಗೆ ಬಂದ ಮೇಲೆಯೇ ಪೆಟ್ಟಿಗೆಗೆ ಹಲಗೆ ತನ್ನಿ. ಕನಿಷ್ಠ ಮೂವರಿಂದ ಮನೆಬಾಗಿಲಿನ ದರ ಬರಹದಲ್ಲಿ ಪಡೆಯಿರಿ. ಸುಂಕ ಉಳಿಸಲೆಂದು ಬೆಲೆ ಕಡಿಮೆ ಬರೆಯಬೇಡಿ; ಅಧಿಕಾರಿ ಅದನ್ನು ತಳ್ಳಿ ತಾನೇ ಬೆಲೆ ಕಟ್ಟುತ್ತಾನೆ, ದಂಡವೂ ಬೀಳುತ್ತದೆ, ಗಾಡಿ ಕಳೆದುಹೋದರೆ ವಿಮೆಯೂ ಆ ಸುಳ್ಳು ಬೆಲೆಗೇ ಸಿಗುತ್ತದೆ.

ಎಲ್ಲ ಕೂಡಿಸಿ ಬಂದ ಮೊತ್ತದ ಎದುರು ಒಂದು ಪ್ರಶ್ನೆ ಇಟ್ಟುಕೊಳ್ಳಿ. ಅಂಥದ್ದೇ ಗಾಡಿ ಅಲ್ಲಿ ಸಿಗುತ್ತದೆಯೇ? ಸಿಗುವುದಾದರೆ ಅಲ್ಲೇ ಕೊಳ್ಳಿ. ಕಾರ್ಖಾನೆಯಿಂದ ನೂರಾರು ಹೊರಬಂದ ಬೈಕನ್ನು ಕಡಲು ದಾಟಿಸುವುದರಲ್ಲಿ ಅರ್ಥವಿಲ್ಲ. ಜಗತ್ತಿನಲ್ಲಿ ಒಂದೇ ಒಂದು ಇರುವ ಗಾಡಿಯಾದರೆ, ಅಪ್ಪ ಕೂತ ಸೀಟು, ಅಣ್ಣ ಮೊದಲು ಕಲಿಸಿದ ಹ್ಯಾಂಡಲ್ ಅದಾಗಿದ್ದರೆ, ಲೆಕ್ಕ ಪೂರ್ತಿ ತಿಳಿದುಕೊಂಡು ಧೈರ್ಯವಾಗಿ ಕಳಿಸಿ.

ರೋಡ್‌ಕಿಂಗ್ ಮೆಲ್ಬರ್ನ್ ಮುಟ್ಟಿತು. ಮಣ್ಣಿನ ತಪಾಸಣೆಯಲ್ಲಿ ಒಂದೇ ಸಲಕ್ಕೆ ಪಾಸಾಯಿತು. ಅಮ್ಮನಿಗೆ ವಿಡಿಯೊ ಕರೆಯಲ್ಲಿ ಗೆಳೆಯ ಮೊದಲು ತೋರಿಸಿದ್ದು ಗಾಡಿಯನ್ನಲ್ಲ. ಫೋನನ್ನು ಸೈಲೆನ್ಸರಿನ ಹತ್ತಿರ ಹಿಡಿದು ಕಿಕ್ ಹೊಡೆದ. ನಾಲ್ಕನೆಯ ಕಿಕ್ಕಿಗೆ ಅದು ಹಿಡಿಯಿತು. ಅವರು ಸುಮ್ಮನೆ ಕೇಳಿಸಿಕೊಂಡರು. ನಿಮ್ಮ ಹಿತ್ತಿಲಲ್ಲೂ ಅಂಥದ್ದೊಂದು ನಿಂತಿದ್ದರೆ, ಕಡಲು ದಾಟಿಸುತ್ತೀರೋ ಬಿಡುತ್ತೀರೋ ಆಮೇಲಿನ ಮಾತು. ಇವತ್ತೇ ಅದರ ಆರ್‌ಸಿ ಯಾರ ಹೆಸರಿನಲ್ಲಿದೆ ಎಂದು ತೆಗೆದು ನೋಡಿ.